ಆಗುಂಬೆ ಇಳಿತ ಮತ್ತು ಒಂದು ಹಂಡೆ ಬಿಸಿನೀರು

(ಉಡುಪಿಯಲ್ಲಿ ಪಿಕಪ್ ಚಾಲಕರು ಮತ್ತು ಮಾಲಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಅರ್ಧಕ್ಕರ್ಧ ತುಳುವಿನಲ್ಲಿ ಮಾತಾಡಿದ್ದೆ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೈಕ್ ಹಿಡಿದು ನನಗೆ ಅಭ್ಯಾಸ ಇಲ್ಲ. ಹನ್ನೊಂದು ವರ್ಷ ಪಿಕಪ್ ಓಡಿಸಿದೆ. ಮಲ್ಪೆಯಿಂದ ಮೀನು ಹೇರಿಕೊಂಡು ಘಾಟಿ ಹತ್ತುವುದು, ಮೇಲೆ ಏನು ಸಿಕ್ಕಿತೋ ಅದನ್ನು ಹೇರಿಕೊಂಡು ಇಳಿಯುವುದು. ಸೊಂಟ ಇನ್ನು ಸಾಕು ಅಂದ ಮೇಲೆ ಗ್ಯಾರೇಜ್ ಹಾಕಿದೆ. ಹಾಗಾಗಿ ನಿಮ್ಮ ಸೀಟಿನಲ್ಲೂ ಕೂತಿದ್ದೇನೆ, ನಿಮ್ಮ ಗಾಡಿಯ ಅಡಿಯಲ್ಲೂ ಮಲಗಿದ್ದೇನೆ.

ಡೀಸೆಲ್ ಪಿಕಪ್ಪಿನಲ್ಲಿ ಭಾರ ಎಳೆಯುವುದು ಹೇಗೆ ಅಂತ ಮಾತಾಡಿ ಎಂದು ಕರೆದಿದ್ದಾರೆ. ಎಳೆಯುವುದರ ಬಗ್ಗೆ ಸ್ವಲ್ಪ ಹೇಳುತ್ತೇನೆ. ಇಳಿಯುವುದರ ಬಗ್ಗೆ ಜಾಸ್ತಿ ಹೇಳುತ್ತೇನೆ. ಯಾಕೆ ಅಂದರೆ, ಗಾಡಿ ಘಾಟಿ ಹತ್ತಲಿಲ್ಲ ಎಂದು ನನ್ನ ಗ್ಯಾರೇಜಿಗೆ ಬರುವ ಡ್ರೈವರ್ ನಡೆದುಕೊಂಡು ಬರುತ್ತಾನೆ. ನಿಲ್ಲದೆ ಹೋದ ಗಾಡಿ ಬರುವಾಗ ಗಾಡಿ ಒಂದೇ ಬರುತ್ತದೆ, ಕ್ರೇನಿನಲ್ಲಿ. ಡ್ರೈವರ್ ಎಲ್ಲಿ ಅಂತ ಕೇಳಿದರೆ ಯಾವುದೋ ವಾರ್ಡಿನ ನಂಬರ್ ಹೇಳುತ್ತಾರೆ.

ಮೊದಲು ಎಳೆಯುವ ವಿಷಯ. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು, ಡೀಸೆಲ್ ಎಂಜಿನ್ನಿಗೆ ಬೇಡ. ಅದು ಬರೀ ಗಾಳಿಯನ್ನು ಒಳಗೆ ಎಳೆದುಕೊಂಡು 16ರಿಂದ 18 ಪಟ್ಟು ಒತ್ತುತ್ತದೆ. ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದಲ್ಲ, ಅದೇ ಕಥೆ. ಆ ಕಾವಿಗೆ ಡೀಸೆಲ್ ಚಿಮ್ಮಿದ ಕೂಡಲೇ ತಾನಾಗಿ ಹತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯಲ್ಲಿ ಓಡಿಸಿ ತೋರಿಸಿದ್ದೂ ಇದನ್ನೇ. ಅಷ್ಟು ಒತ್ತಡ ತಡೆಯಬೇಕಾದ್ದರಿಂದ ಎಂಜಿನ್ ದಪ್ಪ, ಭಾರ. ಜೊತೆಗೆ ಟರ್ಬೊ ಗಾಳಿ ತುಂಬುತ್ತದೆ. ಹಾಗಾಗಿ ಕಡಿಮೆ ಸುತ್ತಿನಲ್ಲೇ ಗಟ್ಟಿಯಾಗಿ ತಿರುಗುತ್ತದೆ.

ಆ ತಿರುಗಿಸುವ ಬಲಕ್ಕೇ ಟಾರ್ಕ್ ಅನ್ನುತ್ತಾರೆ. ನಟ್ ಬಿಗಿಯಾಗಿ ಕೂತಾಗ ನಾವು ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಉದ್ದ ಮಾಡಿಕೊಳ್ಳುತ್ತೇವೆ. ಒಂದು ಮೀಟರ್ ಉದ್ದದ ಪೈಪಿನ ತುದಿಗೆ 20 ಕಿಲೋ ತೂಗಿಬಿಟ್ಟರೆ ನಟ್ಟಿನ ಮೇಲೆ ಎಷ್ಟು ಬಲ ಬೀಳುತ್ತದೋ ಅದು ಹೆಚ್ಚುಕಡಿಮೆ 200 ನ್ಯೂಟನ್ ಮೀಟರ್. ನಮ್ಮಲ್ಲಿ ಜಾಸ್ತಿ ಓಡುವ ಪಿಕಪ್ಪುಗಳ ಎಂಜಿನ್ ಆ ಆಸುಪಾಸಿನದ್ದು. 2022ರಲ್ಲಿ ನಮ್ಮ ದೇಶಕ್ಕೆ ಬಂದ ಟೊಯೋಟಾ ಹೈಲಕ್ಸ್ ಆಟೋಮ್ಯಾಟಿಕ್‌ನದ್ದು 500. ಮೊಬೈಲಿನಲ್ಲಿ ಅಮೆರಿಕದ ದೊಡ್ಡ ಪಿಕಪ್ಪುಗಳು ಮನೆಯಷ್ಟು ದೊಡ್ಡ ಟ್ರೇಲರ್ ಎಳೆಯುವುದನ್ನು ನೋಡಿರುತ್ತೀರಿ. ಫೋರ್ಡ್ ಸೂಪರ್ ಡ್ಯೂಟಿಯ 6.7 ಲೀಟರ್ ಡೀಸೆಲ್ ಎಂಜಿನ್ನಿನ ಜೋರಿನ ಮಾದರಿಯಲ್ಲಿ 1,600 ನ್ಯೂಟನ್ ಮೀಟರ್ ದಾಟುತ್ತದೆ. ನಮ್ಮ ಗಾಡಿಯ ಎಂಟು ಪಟ್ಟು. ಅದನ್ನು ನೋಡಿ ಬಂದು "ಅಣ್ಣಾ, ನಮ್ಮದೂ ಡೀಸೆಲ್ಲೇ ಅಲ್ವಾ" ಅನ್ನುವ ಹುಡುಗರಿದ್ದಾರೆ. ಬೆಕ್ಕೂ ಹುಲಿಯೂ ಒಂದೇ ಜಾತಿಯವು ಮಾರಾಯ್ರೆ, ಹಾಗಂತ ಕೋಣ ಹಿಡಿಯಲು ಬೆಕ್ಕನ್ನು ಕಳಿಸುತ್ತೀರಾ?

ಆದರೂ 200 ಕಡಿಮೆ ಏನಲ್ಲ. ಒಂದನೇ ಗೇರಿನಲ್ಲಿ ಗೇರ್ ಬಾಕ್ಸು, ಹಿಂದಿನ ಆಕ್ಸಲಿನ ಹೌಸಿಂಗಿನೊಳಗಿನ ಗೇರು ಸೇರಿ ಅದನ್ನು ಹದಿನೈದು ಇಪ್ಪತ್ತು ಪಟ್ಟು ಮಾಡಿ ಚಕ್ರಕ್ಕೆ ಕೊಡುತ್ತವೆ. ಘಾಟಿ ಹತ್ತಲು ಬೇಕಾದ್ದು ಅದೇ. ಗೇರ್ ಇಳಿಸಲು ನಾಚಿಕೆ ಬೇಡ. ಮೂರನೇ ಗೇರಿನಲ್ಲಿ ಎಂಜಿನ್ ಗುಡುಗುಟ್ಟುತ್ತಾ, ಗಾಡಿಯೆಲ್ಲ ನಡುಗುತ್ತಾ ಹತ್ತುವುದರಿಂದ ಡೀಸೆಲ್ ಉಳಿಯುವುದಿಲ್ಲ. ಕೆಳಗೆ ಕ್ರ್ಯಾಂಕ್ ಬೇರಿಂಗಿಗೆ ಪೆಟ್ಟು ಬೀಳುತ್ತದೆ, ಹೊಗೆ ಬರುತ್ತದೆ, ಎಂಜಿನ್ ಕಾಯುತ್ತದೆ. ಎರಡಕ್ಕೆ ಹಾಕಿ, ನಿಮಿಷಕ್ಕೆ 2,000 ಸುತ್ತಿನ ಹತ್ತಿರ ಆರಾಮವಾಗಿ ಹೋಗಲಿ. ತಿರುವಿನಲ್ಲಿ ನಿಲ್ಲಬೇಕಾಗಿ ಬಂದರೆ ಹಾಫ್ ಕ್ಲಚ್ಚಿನಲ್ಲಿ ಗಾಡಿಯನ್ನು ತೂಗಬೇಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಮೇಲೆ ಹೋಗಿ ಚಾ ಕುಡಿಯಲು ನಿಲ್ಲಿಸಿದ ಕೂಡಲೇ ಕೀ ತಿರುಗಿಸಬೇಡಿ. ಟರ್ಬೊ ಕೆಂಪಗೆ ಕಾದಿರುತ್ತದೆ. ಒಂದೆರಡು ನಿಮಿಷ ಸುಮ್ನೆ ಓಡಲಿ, ಆಯಿಲ್ ಸುತ್ತಿ ತಣ್ಣಗಾಗಲಿ. ಹತ್ತುವ ಪಾಠ ಇಷ್ಟೇ. ಉಳಿದದ್ದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ಈಗ ಇಳಿಯುವುದು. ಇದಕ್ಕೆ ನನ್ನದೇ ಒಂದು ಕಥೆ ಹೇಳಬೇಕು.

ಗಾಡಿ ನನ್ನದಲ್ಲ, ಮಾಲಕರದ್ದು. ಡಿಸೆಂಬರ್ ತಿಂಗಳು. ತೀರ್ಥಹಳ್ಳಿ ಕಡೆಯಿಂದ ಮಂಗಳೂರಿನ ಬಂದರಿಗೆ ಶುಂಠಿ. ಶುಂಠಿ ಗೋಣಿ ಅಂದರೆ 60 ಕಿಲೋ ಲೆಕ್ಕ. ಗಾಡಿಯ ಮಿತಿ ಒಂದೂಕಾಲು ಟನ್ನಿನ ಸುಮಾರು. ಅಂದರೆ 21 ಗೋಣಿ. ಹಾಕಿದ್ದು 35. ಮಾಲಕರು ಹೇಳಿದರು, ನಾನು ಹೂಂ ಅಂದೆ. ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹಿಮ್ಮುರಿ ತಿರುವು. ದೊಡ್ಡ ಲಾರಿಗಳನ್ನು ಅಲ್ಲಿ ಬಿಡುವುದಿಲ್ಲ, ನಮ್ಮನ್ನು ಬಿಡುತ್ತಾರೆ. ಬೆಳಗಿನ ಜಾವ, ಮಂಜು. ನಾನು ಆಗಿನ ಬುದ್ಧಿವಂತಿಕೆಯಲ್ಲಿ ತಿರುವು ತಿರುವಿನ ನಡುವೆ ನ್ಯೂಟ್ರಲ್ ಮಾಡುತ್ತಿದ್ದೆ. ಡೀಸೆಲ್ ಉಳಿತಾಯ! ತಿರುವು ಬಂದಾಗ ಬ್ರೇಕ್, ಮತ್ತೆ ನ್ಯೂಟ್ರಲ್. ಅರ್ಧ ಘಾಟಿ ಇಳಿದಾಗ ಸುಟ್ಟ ವಾಸನೆ ಬಂತು. ಮುಂದಿನ ಲಾರಿಯದ್ದು ಅಂದುಕೊಂಡೆ. ಆ ದಾರಿಯಲ್ಲಿ ಲಾರಿಯೇ ಇರುವುದಿಲ್ಲ ಅಂತ ಹೊಳೆಯಬೇಕಿತ್ತು. ಮುಂದಿನ ತಿರುವಿಗೆ ಕಾಲಿಟ್ಟರೆ ಪೆಡಲ್ ಬೆಣ್ಣೆಯ ಮೇಲೆ ಕಾಲಿಟ್ಟ ಹಾಗೆ ತಳಕ್ಕೆ ಹೋಯಿತು. ಎರಡು ಸಲ, ಮೂರು ಸಲ ತುಳಿದೆ, ಏನೂ ಇಲ್ಲ. ಗೇರ್ ಹಾಕಲು ಹೋದರೆ ಕರಕರ ಅಂತ ಶಬ್ದ, ಕೂರುವುದಿಲ್ಲ. ಕೊನೆಗೆ ಗುಡ್ಡದ ಬದಿಯ ಚರಂಡಿಗೆ ಚಕ್ರ ಇಳಿಸಿ, ಎಡಗಡೆಯ ಬಾಡಿಯನ್ನು ಬಂಡೆಗೆ ಉಜ್ಜಿಸಿ ನಿಲ್ಲಿಸಿದೆ. ಬಲಗಡೆ ಏನಿತ್ತು ಅಂತ ಆಗುಂಬೆ ನೋಡಿದವರಿಗೆ ಹೇಳಬೇಕಾಗಿಲ್ಲ.

ಕಥೆಯ ಮುಖ್ಯ ಭಾಗ ಇದಲ್ಲ. ಮಾಲಕರಿಗೆ ಫೋನ್ ಮಾಡಿ, ಅವರು ಇನ್ನೊಬ್ಬರನ್ನು ಕರೆದುಕೊಂಡು ಬರುವಾಗ ಒಂದೂವರೆ ಗಂಟೆ ಆಗಿತ್ತು. ಬಂದವರು ಹತ್ತಿ ಕೂತು ಪೆಡಲ್ ಒತ್ತಿದರು. ಗಟ್ಟಿ ಇದೆ. ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿದೆ. ಮಾಲಕರು ನನ್ನ ಮುಖ ನೋಡಿದರು. "ನಿದ್ದೆ ಬಂತಾ?" ಅಂತ ಒಂದೇ ಮಾತು ಕೇಳಿದರು. ಬಾಡಿ ರಿಪೇರಿಯ ದುಡ್ಡು ನನ್ನ ಸಂಬಳದಲ್ಲಿ ಹೋಯಿತು. ನಾನು ಸುಳ್ಳು ಹೇಳಿರಲಿಲ್ಲ, ಅವರು ನೋಡಿದ್ದೂ ಸುಳ್ಳಲ್ಲ. ಅದು ಹೇಗೆ ಅಂತ ನನಗೆ ಅರ್ಥವಾದದ್ದು ವರ್ಷಗಳ ನಂತರ, ಗ್ಯಾರೇಜಿನ ಕೆಲಸ ಕಲಿತ ಮೇಲೆ.

ಒಂದು ಲೆಕ್ಕ ನೋಡಿ. ಗಾಡಿ, ಲೋಡು ಎಲ್ಲ ಸೇರಿ 3 ಟನ್ ಅಂತ ಇಟ್ಟುಕೊಳ್ಳಿ. ನನ್ನದು ಅದಕ್ಕಿಂತ ಜಾಸ್ತಿಯೇ ಇತ್ತು. ಘಾಟಿಯ ಮೇಲಿನಿಂದ ಕೆಳಗೆ 500 ಮೀಟರ್ ಎತ್ತರ ಇಳಿಯುತ್ತೀರಿ. ಹತ್ತುವಾಗ ಡೀಸೆಲ್ ಸುಟ್ಟು ಗಳಿಸಿದ ಎತ್ತರ ಅದು. ಇಳಿಯುವಾಗ ಆ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಬ್ರೇಕ್ ಒಂದನ್ನೇ ನಂಬಿದರೆ ಎಲ್ಲವೂ ಅಲ್ಲಿ ಕಾವಾಗುತ್ತದೆ. ಎಷ್ಟು ಕಾವು? 30 ಡಿಗ್ರಿಯ 50 ಲೀಟರ್ ನೀರನ್ನು ಕುದಿಸುವಷ್ಟು. ನಮ್ಮ ಕಡೆ ಬಚ್ಚಲಿನ ಒಂದು ಹಂಡೆ ನೀರು. ಮನೆಯಲ್ಲಿ ಆ ಹಂಡೆ ಕುದಿಯಬೇಕಾದರೆ ಎಷ್ಟು ಮಡಲು, ಎಷ್ಟು ತೆಂಗಿನ ಸಿಪ್ಪೆ ಬೇಕು ಅಂತ ಅಮ್ಮನನ್ನು ಕೇಳಿ. ಅಷ್ಟು ಬೆಂಕಿಯನ್ನು ನಾವು ಕಾಲು ಗಂಟೆಯಲ್ಲಿ ಎರಡು ಡಿಸ್ಕು, ಎರಡು ಡ್ರಮ್ಮಿಗೆ ಇಡುತ್ತೇವೆ.

ಕಾವು ಏರಿದಾಗ ಎರಡು ಥರ ಆಗುತ್ತದೆ. ಒಂದು, ಡ್ರಮ್ಮು ಡಿಸ್ಕನ್ನು ಒತ್ತಿ ಹಿಡಿಯುವ ಲೈನರು ಪ್ಯಾಡು ಸುಟ್ಟು ಜಾರುತ್ತವೆ. ಆಗ ಪೆಡಲ್ ಗಟ್ಟಿಯೇ ಇರುತ್ತದೆ, ಎಷ್ಟು ತುಳಿದರೂ ಗಾಡಿ ಮಾತ್ರ ನಿಲ್ಲುವುದಿಲ್ಲ. ಸುಟ್ಟ ವಾಸನೆ ಇದರದ್ದು. ಇನ್ನೊಂದು, ಬ್ರೇಕ್ ಆಯಿಲ್ ಕುದಿಯುವುದು. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಅದಕ್ಕೇ ಕಾಲಿನ ಬಲ ಚಕ್ರಕ್ಕೆ ಮುಟ್ಟುತ್ತದೆ. ಕುದಿದು ಆವಿಯಾದರೆ ಪೈಪಿನೊಳಗೆ ಗುಳ್ಳೆ. ಗುಳ್ಳೆ ಕುಗ್ಗುತ್ತದೆ, ಪೆಡಲ್ ತಳಕ್ಕೆ ಹೋಗುತ್ತದೆ. ಗಾಡಿ ನಿಂತು ತಣ್ಣಗಾದ ಮೇಲೆ ಆವಿ ಮತ್ತೆ ಆಯಿಲ್ ಆಗುತ್ತದೆ. ಪೆಡಲ್ ಗಟ್ಟಿ! ನೋಡಲು ಬಂದವರು ಡ್ರೈವರಿಗೆ ನಿದ್ದೆ ಬಂದಿತ್ತು ಅನ್ನುತ್ತಾರೆ. ಇಲ್ಲಿ ಮಾಲಕರೂ ಕೂತಿದ್ದೀರಿ, ಅದಕ್ಕೇ ಇದನ್ನು ಬಿಡಿಸಿ ಹೇಳಿದೆ.

ಇದರಲ್ಲಿ ನಮ್ಮ ಊರಿನ ಪಾಲೂ ಇದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಬ್ಬಿಯ ಮೇಲೆ ಡಾಟ್ 3, ಡಾಟ್ 4 ಅಂತ ಬರೆದಿರುತ್ತದಲ್ಲ, ಅದು ಕುದಿಯುವ ಮಟ್ಟದ ಲೆಕ್ಕ. ಹೊಸ ಡಾಟ್ 3 ಕಡಿಮೆ ಅಂದರೆ 205 ಡಿಗ್ರಿವರೆಗೆ ತಡೆಯಬೇಕು, ಡಾಟ್ 4 ಆದರೆ 230. ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಡಾಟ್ 3ರ ಮಟ್ಟ 140ಕ್ಕೆ ಇಳಿಯುತ್ತದೆ, ಡಾಟ್ 4ರದ್ದು 155ಕ್ಕೆ. ಮಳೆಗಾಲದಲ್ಲಿ ಹಪ್ಪಳದ ಡಬ್ಬಿ ಅರ್ಧ ಗಂಟೆ ತೆರೆದಿಟ್ಟರೆ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ಬ್ರೇಕ್ ಆಯಿಲ್ ಆ ಗಾಳಿಯಲ್ಲೇ ವರ್ಷಗಟ್ಟಲೆ ಕೂತಿರುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಮೇಲಿಂದ ಸುರಿದು ಮಟ್ಟ ಸರಿ ಮಾಡಿದರೆ ಬದಲಿಸಿದ ಹಾಗೆ ಆಗುವುದಿಲ್ಲ. ತೆರೆದು ಮೂಲೆಯಲ್ಲಿಟ್ಟ ಹಳೆ ಡಬ್ಬಿಯ ಆಯಿಲ್ ಹಾಕಬೇಡಿ. ಮೀನಿನ ಗಾಡಿಯವರು ಇನ್ನೊಂದು ನೋಡಿಕೊಳ್ಳಿ. ಐಸ್ ಕರಗಿದ ಉಪ್ಪು ನೀರು ಚಾಸಿಸ್ ಮೇಲೆ ಸುರಿಯುತ್ತಲೇ ಇರುತ್ತದೆ. ಹಿಂದಿನ ಚಕ್ರಕ್ಕೆ ಹೋಗುವ ಬ್ರೇಕ್ ಪೈಪು ಅದರ ಪಕ್ಕದಲ್ಲೇ ಇದೆ. ಕೈಯಲ್ಲಿ ಮುಟ್ಟಿದರೆ ಪುಡಿಯಾಗುವ ಪೈಪನ್ನು ನಾನು ಎಷ್ಟೋ ಸಲ ಬಿಚ್ಚಿದ್ದೇನೆ.

ನ್ಯೂಟ್ರಲ್ ಬಗ್ಗೆ ಹೇಳಿಬಿಡುತ್ತೇನೆ, ಈಗಲೂ ಈ ಹುಚ್ಚು ಇದೆ. ಗೇರಿನಲ್ಲಿ ಇಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿದರೆ, ಈಗಿನ ಕಾಮನ್ ರೈಲ್ ಎಂಜಿನ್, ಅಂದರೆ ಕಂಪ್ಯೂಟರ್ ಅಳೆದು ಡೀಸೆಲ್ ಕೊಡುವ ಎಂಜಿನ್, ಡೀಸೆಲ್ ಚಿಮ್ಮುವುದನ್ನೇ ನಿಲ್ಲಿಸುತ್ತದೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್ ಮಾಡಿದಿರೋ, ಎಂಜಿನ್ ತಾನೇ ಓಡಬೇಕು, ಅದಕ್ಕೆ ಡೀಸೆಲ್ ಬೇಕು. ಅಂದರೆ ನ್ಯೂಟ್ರಲ್ ಮಾಡಿದವನು ಡೀಸೆಲ್ಲೂ ಸುಡುತ್ತಾನೆ, ಬ್ರೇಕೂ ಸುಡುತ್ತಾನೆ. ಹಳಬರು ಹತ್ತಿದ ಗೇರಿನಲ್ಲೇ ಇಳಿ ಅನ್ನುತ್ತಿದ್ದರು. ಲೋಡ್ ಇದ್ದರೆ ಅದಕ್ಕಿಂತ ಒಂದು ಕಡಿಮೆ ಇಟ್ಟುಕೊಂಡರೂ ತಪ್ಪಿಲ್ಲ. ಆದರೆ ಇಳಿತ ಶುರುವಾಗುವ ಮೊದಲೇ ಹಾಕಿಕೊಳ್ಳಿ. ವೇಗ ಏರಿದ ಮೇಲೆ ಕೆಳಗಿನ ಗೇರ್ ಕೂರುವುದಿಲ್ಲ. ನನಗೆ ಕೂರಲಿಲ್ಲ.

ಡೀಸೆಲ್ ಎಂಜಿನ್ನಿಗೆ ಒಂದು ಕೊರತೆಯೂ ಇದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಕಾಲು ತೆಗೆದರೆ ಗಾಳಿಯ ಬಾಗಿಲು ಮುಚ್ಚಿಕೊಳ್ಳುತ್ತದೆ, ಉಸಿರು ಕಟ್ಟಿದ ಎಂಜಿನ್ ಗಾಡಿಯನ್ನು ಹಿಂದಕ್ಕೆ ಹಿಡಿಯುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಆ ಥರ ಹಿಡಿಯುವ ಬಾಗಿಲು ಇಲ್ಲ. ದೊಡ್ಡ ಲಾರಿಗಳಿಗೆ ಎಕ್ಸಾಸ್ಟ್ ಬ್ರೇಕ್ ಇರುತ್ತದೆ, ಹೊಗೆಯ ದಾರಿ ಮುಚ್ಚಿ ಎಂಜಿನ್ನನ್ನೇ ಬ್ರೇಕ್ ಮಾಡುತ್ತದೆ. ನಮ್ಮ ಸಣ್ಣ ಪಿಕಪ್ಪುಗಳಿಗೆ ಅದಿಲ್ಲ. ನಮಗೆ ಉಳಿದದ್ದು ಗೇರ್ ಒಂದೇ. ಬ್ರೇಕನ್ನು ಸುಮ್ನೆ ಸವರುತ್ತಾ ಇಳಿಯಬೇಡಿ. ವೇಗ 35ಕ್ಕೆ ಬಂದಾಗ ಗಟ್ಟಿಯಾಗಿ ಒತ್ತಿ 20ಕ್ಕೆ ಇಳಿಸಿ, ಪೂರ್ತಿ ಬಿಟ್ಟುಬಿಡಿ. ಆ ಬಿಟ್ಟ ಹೊತ್ತಿನಲ್ಲಿ ಗಾಳಿ ತಾಗಿ ತಣ್ಣಗಾಗುತ್ತದೆ.

ಇನ್ನು ಹಿಂದೆ ಕಟ್ಟಿಕೊಂಡು ಎಳೆಯುವುದು. ನಮ್ಮೂರಲ್ಲಿ ಅಂದರೆ ಮುಖ್ಯವಾಗಿ ಕಾಂಕ್ರೀಟ್ ಮಿಕ್ಸರ್. ಎಲ್ಲೋ ಸ್ಲ್ಯಾಬ್ ಇರುತ್ತದೆ, ಪಿಕಪ್ ತುಂಬಾ ಆಳು, ಸಾಮಾನು, ಹಿಂದೆ ಮಿಕ್ಸರ್. ಹಾಪರ್ ಇರುವ ಮಿಕ್ಸರ್ ಒಂದು ಟನ್ನಿನ ಸುಮಾರಿಗೆ ಬರುತ್ತದೆ. ಅದಕ್ಕೆ ಬ್ರೇಕ್ ಇಲ್ಲ, ಲೈಟ್ ಇಲ್ಲ. ಅಮೆರಿಕದ ವೀಡಿಯೋದಲ್ಲಿ ಕಾಣದ ವಿಷಯ ಇಲ್ಲಿದೆ. ಅಲ್ಲಿ ಭಾರದ ಟ್ರೇಲರಿಗೆ ಅದರದ್ದೇ ಬ್ರೇಕ್ ಇರುತ್ತದೆ, ಡ್ರೈವರಿನ ಪಕ್ಕದಲ್ಲೇ ಅದರ ಕಂಟ್ರೋಲ್. ಯುರೋಪಿನಲ್ಲಿ ಬ್ರೇಕ್ ಇಲ್ಲದ ಟ್ರೇಲರ್ 750 ಕಿಲೋ ದಾಟುವ ಹಾಗಿಲ್ಲ. ನಾವು ಒಂದು ಟನ್ನನ್ನು ಒಂದು ಪಿನ್ನಿಗೆ ಸಿಕ್ಕಿಸಿ 66ನೇ ಹೆದ್ದಾರಿಯಲ್ಲಿ 50ರಲ್ಲಿ ಹೋಗುತ್ತೇವೆ, ಅದೂ ಕತ್ತಲಾದ ಮೇಲೆ.

ಎರಡು ಚಕ್ರದ ಟ್ರೇಲರ್ ಆದರೆ ಅದರ ಭಾರದಲ್ಲಿ ಶೇಕಡಾ 10ರಿಂದ 15 ಪಾಲು ಕೊಕ್ಕೆಯ ಮೇಲೆ ಕೂರಬೇಕು. ಜನರೇಟರಿನ ಟ್ರಾಲಿಯಲ್ಲಿ ಹಿಂದೆ ಡೀಸೆಲ್ ಕ್ಯಾನು, ಕೇಬಲ್ ಸುರುಳಿ ಹೇರಿದರೆ ಕೊಕ್ಕೆ ಹಗುರಾಗುತ್ತದೆ. ಇಳಿತದಲ್ಲಿ ಟ್ರಾಲಿ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ. ಆಗ ಹೆದರಿ ಬ್ರೇಕ್ ಒತ್ತಿದರೆ ಟ್ರಾಲಿ ನಿಮ್ಮನ್ನು ಪಕ್ಕಕ್ಕೆ ತಳ್ಳುತ್ತದೆ. ಸ್ಟೇರಿಂಗ್ ನೆಟ್ಟಗೆ ಹಿಡಿದು, ಕಾಲು ತೆಗೆದು, ತಾನಾಗಿ ವೇಗ ಇಳಿಯಲು ಬಿಡಿ. ಮಿಕ್ಸರ್ ಎಳೆಯುವವರಿಗೆ ನನ್ನ ಮಾತು ಇಷ್ಟೇ: 20, 25ರಲ್ಲಿ ಹೋಗಿ, ಪಿನ್ನಿನ ಜೊತೆಗೆ ಒಂದು ಸರಪಳಿಯನ್ನೂ ಕಟ್ಟಿ, ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸಿ. ಸ್ಟಿಕ್ಕರಿಗೆ ಏನು ಮಹಾ ಖರ್ಚು?

ಕೆಟ್ಟ ಗಾಡಿಯನ್ನು ಹಗ್ಗ ಕಟ್ಟಿ ಎಳೆಯುವಾಗ ಒಂದೇ ವಿಷಯ ನೆನಪಿಡಿ. ಹಿಂದಿನ ಗಾಡಿಯ ಎಂಜಿನ್ ಬಂದ್ ಇದ್ದರೆ ಕಾಲಿನ ಬಲ ಹೆಚ್ಚಿಸುವ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದಿಲ್ಲ, ಪವರ್ ಸ್ಟೇರಿಂಗೂ ಇಲ್ಲ. ಒಂದೆರಡು ಸಲ ತುಳಿದ ಮೇಲೆ ಪೆಡಲ್ ಕಲ್ಲಾಗುತ್ತದೆ. ಅಲ್ಲಿ ಕೂರಿಸಬೇಕಾದ್ದು ನಿಮ್ಮಲ್ಲಿ ಅನುಭವ ಜಾಸ್ತಿ ಇರುವವನನ್ನು. ನಾವು ಯಾವಾಗಲೂ ಕ್ಲೀನರ್ ಹುಡುಗನನ್ನು ಕೂರಿಸುತ್ತೇವೆ. ಬೋಟಿನ ಹಳೇ ಹಗ್ಗವನ್ನು ಎಳೆಯಲು ಬಳಸುವಾಗ ಆಳುಗಳನ್ನು ದೂರ ನಿಲ್ಲಿಸಿ. ಬಿಗಿಯಾದ ನೈಲಾನ್ ಹಗ್ಗ ತುಂಡಾದರೆ ಚಾಟಿಯ ಹಾಗೆ ಹಿಂದಕ್ಕೆ ಬರುತ್ತದೆ.

ಲೋಡ್ ಹೇರುವ ಬಗ್ಗೆ ಎರಡು ಮಾತು. ಹಿಂದಿನ ಆಕ್ಸಲಿನ ಹಿಂದೆ ಭಾರ ಹೋದಷ್ಟೂ ಮುಂದಿನ ಚಕ್ರ ಹಗುರ, ಸ್ಟೇರಿಂಗ್ ತೇಲಿದ ಹಾಗೆ. ಭಾರದ ಸಾಮಾನು ಆಕ್ಸಲಿಗಿಂತ ಸ್ವಲ್ಪ ಮುಂದೆ ಇರಲಿ. ಮುರಕಲ್ಲು (ಜಂಬಿಟ್ಟಿಗೆ) ಹೇರುವವರು ಕಲ್ಲಿನ ಲೆಕ್ಕ ಹಿಡಿಯುತ್ತಾರೆ, ತೂಕದ ಲೆಕ್ಕ ಹಿಡಿಯುವುದಿಲ್ಲ. ಒಂದು ಕಲ್ಲು ಸುಮಾರು 30 ಕಿಲೋ ಇಟ್ಟುಕೊಳ್ಳಿ. ಮಳೆ ನೀರು ಕುಡಿದ ಕಲ್ಲು ಇನ್ನೂ ಜಾಸ್ತಿ. ಬೇಸಿಗೆಯಲ್ಲಿ 50 ಕಲ್ಲು ಸರಿ ಬಂದ ಗಾಡಿಗೆ ಜೂನಿನಲ್ಲಿ ಅದೇ 50 ಓವರ್‌ಲೋಡ್. ಹಿಂದೆ ಸ್ಪ್ರಿಂಗಿಗೆ ಒಂದು ಲೀಫ್ ಪ್ಲೇಟ್ ಜಾಸ್ತಿ ಹಾಕಿಸಿದ್ದೇನೆ, ಇನ್ನೇನು ಅನ್ನುವವರಿದ್ದಾರೆ. ಪ್ಲೇಟ್ ಜಾಸ್ತಿ ಆಯಿತು, ಬ್ರೇಕು ಅದೇ ಉಳಿಯಿತಲ್ಲ?

ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. "ಅಣ್ಣಾ, 21 ಗೋಣಿ ಹಾಕಿದರೆ ಬಾಡಿಗೆ ಗಿಟ್ಟುವುದಿಲ್ಲ. ನೀವು ಬಿಟ್ಟ 14 ಗೋಣಿ ಹಾಕಲು ಹಿಂದೆ ಇನ್ನೊಬ್ಬ ನಿಂತಿರುತ್ತಾನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ, ಯಾಂತ್ರಿಕ ಬೋಟು ಇಳಿಯುವುದಿಲ್ಲ. ಆಗ ಸಿಕ್ಕಿದ ಲೋಡು ಬಿಡಲು ಆಗುತ್ತದಾ?"

ನಿಜವಾದ ಪ್ರಶ್ನೆ. ಬ್ಯಾಂಕಿನ ಕಂತು ಬ್ರೇಕಿಗೆ ಕಾಯುವುದಿಲ್ಲ. ನಾನು ಹೇಳಿದ್ದು ಇಷ್ಟು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. ಜಾಸ್ತಿ ಹಾಕಿದ ಗೋಣಿಗಳು ತರುವ ಬಾಡಿಗೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಸಿಕ್ಕಿಬೀಳುವುದು ಅಪರೂಪ ಅನ್ನುತ್ತೀರಿ, ಅದೂ ಸರಿ. ಹಾಗಾದರೆ ಲೈನರ್, ಟಯರ್, ಕ್ಲಚ್ ಪ್ಲೇಟ್ ಖರ್ಚು ಬರೆದಿಡಿ. 35 ಗೋಣಿ ಹೇರುವವರ ಗಾಡಿ ನನ್ನ ಗ್ಯಾರೇಜಿಗೆ ಎಷ್ಟು ಸಲ ಬರುತ್ತದೆ ಅಂತ ನನ್ನ ಪುಸ್ತಕದಲ್ಲಿದೆ. ಬೇಕಾದರೆ ಬಂದು ನೋಡಿ, ನನಗೆ ವ್ಯಾಪಾರ ಕಡಿಮೆಯಾದರೂ ಅಡ್ಡಿ ಇಲ್ಲ. ಆದರೂ ಬಾಡಿಗೆ ದರ ಎಲ್ಲರೂ ಕೂತು ಮಾತಾಡದೆ ಸರಿಯಾಗುವುದಿಲ್ಲ. ಅದು ಮೆಕ್ಯಾನಿಕ್ ಕೈಯಲ್ಲಿ ಇಲ್ಲ. ಪ್ರಶ್ನೆ ಕೇಳಿದವರು ಕೂತರು, ಪೂರ್ತಿ ಒಪ್ಪಿದ ಮುಖ ಅಲ್ಲ ಅದು.

ಇನ್ನೊಬ್ಬ ಹುಡುಗ ಲೈಸೆನ್ಸ್ ಬಗ್ಗೆ ಕೇಳಿದ. 7,500 ಕಿಲೋ ಒಳಗಿನ ಸಾರಿಗೆ ಗಾಡಿಯನ್ನು ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದೆ. ಅದನ್ನೇ ಹೇಳಿದೆ.

ಚಾ ಕುಡಿದು ಹೊರಗೆ ಬಂದಾಗ ಆ ಹುಡುಗನೇ ಕಾದಿದ್ದ. "ಒಮ್ಮೆ ನನ್ನ ಗಾಡಿ ನೋಡ್ತೀರಾ ಅಣ್ಣಾ?" ಅಂದ. ಬಾನೆಟ್ ಎತ್ತಿ ಬ್ರೇಕ್ ಆಯಿಲಿನ ಮುಚ್ಚಳ ತೆಗೆದೆ. ಹೊಸ ಆಯಿಲ್ ತಿಳಿ ಹಳದಿ ಇರುತ್ತದೆ, ಇದು ಕಾಫಿ ಡಿಕಾಕ್ಷನ್. ಯಾವಾಗ ಬದಲಿಸಿದ್ದು ಅಂತ ಕೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಗಾಡಿ ತೆಗೆದುಕೊಂಡಾಗ ಇದ್ದದ್ದೇ ಇರಬೇಕು, ಆರು ವರ್ಷ ಆಯ್ತು" ಅಂದ. ಗಾಡಿಯಲ್ಲಿ ಮರುದಿನದ ಲೋಡಿಗೆ ಟಾರ್ಪಾಲು, ಹಗ್ಗ ರೆಡಿ ಇತ್ತು. ಎಲ್ಲಿಗೆ ಅಂದೆ.

"ಶಿವಮೊಗ್ಗಕ್ಕೆ ಮೀನು. ಬರುವಾಗ ಆಗುಂಬೆಯಲ್ಲೇ ಬರುವುದು."

ಬೆಳಿಗ್ಗೆ ಐದೂವರೆಗೆ ಗ್ಯಾರೇಜ್ ತೆರೆಯುತ್ತೇನೆ, ಮೊದಲು ನನ್ನಲ್ಲಿಗೆ ಬಂದು ಆಮೇಲೆ ಮೀನಿನ ದಕ್ಕೆಗೆ ಹೋಗು ಅಂತ ಹೇಳಿ ಕಳಿಸಿದೆ.